ಎಲೆಕ್ಟ್ರೊ 35ಕ್ಕೆ ಸೆಲ್, ಫಿಲ್ಮ್, ನೀರು: ತಿಪಟೂರಿನವರ ಪ್ರಶ್ನೆಗೆ ಉತ್ತರ

ನಮಸ್ಕಾರ ಸರ್. ನಿಮ್ಮ ದೊಡ್ಡಪ್ಪನ ಬೀರುವಿನಲ್ಲಿ ಸಿಕ್ಕ ಯಾಶಿಕಾ ಎಲೆಕ್ಟ್ರೊ 35 ಜಿಎಸ್‌ಎನ್ ಫಿಲ್ಮ್ ಕ್ಯಾಮೆರಾ ಈಗಲೂ ಕೆಲಸ ಮಾಡುತ್ತದಾ, ಸೆಲ್ ಎಲ್ಲಿ ಸಿಗುತ್ತದೆ, ತಿಪಟೂರಿನಲ್ಲಿ ಇದ್ದುಕೊಂಡು ಫಿಲ್ಮ್ ತೊಳೆಸುವುದು ಹೇಗೆ ಅಂತ ಕೇಳಿದ್ದೀರಿ. ಷೋಕೇಸ್‌ನಲ್ಲಿ ಇಟ್ಟುಬಿಡಿ ಅಂತ ಮೇಲೆ ಒಂದಿಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ತುಂಬ ಅಗಲಕ್ಕೆ ತೆರೆದು ಬೆಳಕು ಬಿಡುವ 45 ಎಂ.ಎಂ., ಎಫ್ 1.7 ಲೆನ್ಸ್ ಅದು. ಖಂಡಿತ ಬಳಸಿ.

ಮೊದಲು ಸೆಲ್. ಇದಕ್ಕೆ ಬರುತ್ತಿದ್ದದ್ದು 5.6 ವೋಲ್ಟ್‌ನ ಪಾದರಸದ ಸೆಲ್. ಅದರ ತಯಾರಿಕೆ ಯಾವತ್ತೋ ನಿಂತಿದೆ, ಹುಡುಕಬೇಡಿ. ವಾಚ್ ಅಂಗಡಿಯಲ್ಲಿ ಸಿಗುವ ಎಲ್‌ಆರ್44 ಸೆಲ್ ನಾಲ್ಕು ತನ್ನಿ. ದಪ್ಪ ಕಾಗದ ಸುತ್ತಿ ಕೊಳವೆ ಮಾಡಿ, ಒಂದರ ಮೇಲೆ ಒಂದು ಕೂರಿಸಿ. ಉದ್ದ ಸಾಲುವುದಿಲ್ಲ, ಹಳೇ ಟಾರ್ಚಿನ ಸ್ಪ್ರಿಂಗ್ ಒಂದನ್ನು ಸೇರಿಸಿ. ಒಟ್ಟು 6 ವೋಲ್ಟ್ ಆಗುತ್ತದೆ, ಕ್ಯಾಮೆರಾ ತಡೆದುಕೊಳ್ಳುತ್ತದೆ. ಹಿಂಬದಿಯ ಗುಂಡಿ ಒತ್ತಿದಾಗ ಮೇಲೆ ಹಸಿರು ದೀಪ ಹತ್ತಬೇಕು. ಹತ್ತದಿದ್ದರೆ ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ.

ಆಮೇಲೆ ಫಿಲ್ಮ್ ಹಾಕದೆಯೇ, ಫಿಲ್ಮನ್ನು ಮುಂದೆ ಸರಿಸುವ ಲಿವರ್ ಎಳೆಯಿರಿ. ಒಳಗಡೆ 'ಟಕ್' ಅಂತ ಶಬ್ದ ಬರಬೇಕು. ಬಾರದಿದ್ದರೆ ಒಳಗಿನ ಪುಟ್ಟ ರಬ್ಬರ್ ತುಂಡು ಸವೆದು ಕರಗಿರುವ ಸಾಧ್ಯತೆ ಜಾಸ್ತಿ. ಈ ಮಾಡೆಲ್‌ಗೆ ಇದು ಮಾಮೂಲಿ ಕಾಯಿಲೆ. ಹಾಗಾದಾಗ ಎಕ್ಸ್‌ಪೋಷರ್, ಅಂದರೆ ಫಿಲ್ಮಿಗೆ ಬೀಳುವ ಬೆಳಕಿನ ಪ್ರಮಾಣ, ಏರುಪೇರಾಗುತ್ತದೆ. ಬಿಚ್ಚಿ ಸರಿ ಮಾಡಲು ಗೊತ್ತಿರುವವರ ಹತ್ತಿರವೇ ಕೊಡಿ, ಮನೆಯಲ್ಲಿ ಕೈ ಹಾಕಬೇಡಿ. ಶಬ್ದ ಬಂತು ಅಂದರೆ ಹಿಂದಿನ ಬಾಗಿಲು ತೆಗೆದು ಬೆಳಕಿನ ಕಡೆ ಹಿಡಿದು ಕ್ಲಿಕ್ ಮಾಡಿ. ಬೆಳಕು ಅಳೆಯುವ ಮೀಟರಿನ ಕಣ್ಣಿಗೆ ಬೆರಳು ಮುಚ್ಚಿ ಇನ್ನೊಮ್ಮೆ ಮಾಡಿ. ಎರಡನೇ ಸಲ ಶಟರ್ ತುಂಬ ಹೊತ್ತು ತೆರೆದೇ ಇರಬೇಕು.

ಬಾಗಿಲಿನ ಅಂಚಿನ ಫೋಮ್ ಕೈಗೆ ಟಾರಿನ ಹಾಗೆ ಅಂಟುತ್ತಿದೆ ಅಲ್ವಾ? ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಹತ್ತಿ ಅದ್ದಿ, ಕಡ್ಡಿಯಿಂದ ಕೆರೆದು ತೆಗೆಯಿರಿ. ಶಟರ್ ಕಡೆ ಹನಿ ಬೀಳಬಾರದು. ಫೋಮ್ ಇದ್ದ ಸಂದಿನಲ್ಲಿ ಕಪ್ಪು ಉಲ್ಲನ್ ದಾರ ಕೂರಿಸಿದರೆ ಬೆಳಕು ನುಗ್ಗುವುದಿಲ್ಲ.

ಮೊದಲ ರೋಲ್ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಇರಲಿ, 400 ಎಎಸ್‌ಎ (ಬೆಳಕಿಗೆ ಫಿಲ್ಮಿನ ಸೂಕ್ಷ್ಮತೆಯ ಅಳತೆ), ಕಪ್ಪು ಬಿಳುಪು. ಕಾರಣ ಕೆಳಗೆ ಹೇಳುತ್ತೇನೆ. ಫಿಲ್ಮ್ ಸಿಕ್ಕಿಸಿದ ಮೇಲೆ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಹಿಡಿ ತಿರುಗುತ್ತಿರಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ ಎಂದೇ ಅರ್ಥ. ಇನ್ನೊಂದು ಸಂತೋಷದ ವಿಷಯ: ಸೆಲ್ ಸತ್ತರೂ ಈ ಕ್ಯಾಮೆರಾ 1/500 ಸೆಕೆಂಡಿನಲ್ಲಿ ಕ್ಲಿಕ್ ಆಗುತ್ತದೆ. 400ರ ಫಿಲ್ಮ್‌ಗೆ ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಲ್ಲಿ ಲೆನ್ಸಿನ ತೆರಪನ್ನು ಎಫ್ 16ಕ್ಕೆ ಇಟ್ಟರೆ ಅದು ಸರಿಯಾದ ಎಕ್ಸ್‌ಪೋಷರೇ. ತೆಳು ಮೋಡಕ್ಕೆ 11, ದಟ್ಟ ಮೋಡಕ್ಕೆ 5.6.

ಈ ಕ್ಯಾಮೆರಾದ ನಿಜವಾದ ಕೀಲಿ ಎಎಸ್‌ಎ ಚಕ್ರ. ಶಟರ್ ವೇಗ ನಮ್ಮ ಕೈಯಲ್ಲಿ ಇಲ್ಲ, ಅದನ್ನು ಕ್ಯಾಮೆರಾನೇ ಆರಿಸುತ್ತದೆ. ಆದರೆ ಮೀಟರ್ ಎಲ್ಲವನ್ನೂ ನಡು ಬೂದು ಬಣ್ಣ ಅಂತಲೇ ಅಂದುಕೊಳ್ಳುತ್ತದೆ. ನಮ್ಮ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಬಿಳಿ ದ್ವಿತಳಿ ರೇಷ್ಮೆ ಗೂಡಿನ ರಾಶಿಯ ಫೋಟೊ ತೆಗೆದರೆ ಗೂಡು ಮಬ್ಬಾಗಿ, ಬೂದಿ ಬಣ್ಣದಲ್ಲಿ ಬರುತ್ತದೆ. ಅಲ್ಲಿ ಚಕ್ರವನ್ನು 400ರಿಂದ 200ಕ್ಕೆ ತಿರುಗಿಸಿ, ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಸಿಗುತ್ತದೆ. ಗೂಡು ಬೆಳ್ಳಗೆ ಬರುತ್ತದೆ. ಚೀಲದಲ್ಲಿದೆ ಅಂದಿರಲ್ಲ, ಆ ಹಳದಿ ಫಿಲ್ಟರಿಗೂ ಇದೇ ಉಪಾಯ. ಮೀಟರಿನ ಕಣ್ಣು ಲೆನ್ಸಿನ ಹೊರಗಿದೆ, ಫಿಲ್ಟರ್ ಹಾಕಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹಳದಿಗೆ ಒಂದು ಸ್ಟಾಪ್ ಬೇಕು, ಅದಕ್ಕೂ 200. ದೇವರಾಯನದುರ್ಗದ ಮೇಲೆ ಮೋಡ ಇರುವ ದಿನ ಆ ಫಿಲ್ಟರ್ ಹಾಕಿ ನೋಡಿ. ಆಕಾಶ ಸ್ವಲ್ಪ ಕಪ್ಪಾಗಿ ಮೋಡ ಎದ್ದು ಕಾಣುತ್ತದೆ. ನನಗೆ ಅತಿ ಇಷ್ಟದ ಪರಿಕರ ಇದೇ. ಮುಗಿದ ಮೇಲೆ ಚಕ್ರವನ್ನು 400ಕ್ಕೆ ವಾಪಸ್ ತನ್ನಿ.

ಇನ್ನು ತೊಳೆಯುವುದು, ಅಂದರೆ ಫಿಲ್ಮ್ ಡೆವಲಪ್ ಮಾಡುವುದು. ಕಲರ್ ರೋಲ್ ಆದರೆ ಕೆಮಿಕಲ್‌ನ ಬಿಸಿ 38 ಡಿಗ್ರಿಯಲ್ಲೇ ನಿಲ್ಲಬೇಕು, ಅದನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸುವುದೇ ವಾಸಿ. ಕಪ್ಪು ಬಿಳುಪನ್ನು ಬಚ್ಚಲಲ್ಲೇ ತೊಳೆಯಬಹುದು. ಎಚ್‌ಪಿ5 ಹೇಳಿದ್ದು ಅದಕ್ಕೇ. ಫಿಲ್ಮನ್ನು ಬೆಳಕು ನುಗ್ಗದ ಡೆವಲಪಿಂಗ್ ಟ್ಯಾಂಕಿಗೆ ತುಂಬಲು ಕತ್ತಲೆಯ ಚೀಲ ಒಂದು ಬೇಕು. ಚಿತ್ರ ಮೂಡಿಸುವ ಕೆಮಿಕಲ್ ಐಡಿ-11 ಡೆವಲಪರ್, ಪುಡಿ ಕಲಸಿದ ಮೇಲೆ ಮತ್ತೆ ನೀರು ಬೆರೆಸದೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರೇ ಬೆಚ್ಚಗಿರುತ್ತದೆ, ಆದ್ದರಿಂದ ಬಾಟಲಿಯನ್ನು ಐಸ್ ನೀರಿನ ಟಬ್ಬಿನಲ್ಲಿಟ್ಟು ಥರ್ಮಾಮೀಟರ್ ನೋಡಿ ಶುರು ಮಾಡಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ದೊಡ್ಡ ತಲೆನೋವು ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ತೊಳೆದು ಹಾಗೇ ಒಣಗಿಸಿದರೆ ನೆಗೆಟಿವ್ ಮೇಲೆ ಬಿಳಿ ಕಲೆ ಕೂರುತ್ತದೆ. ಸ್ಕ್ಯಾನ್ ಮಾಡಿದಾಗ ಒಂದೊಂದು ಚುಕ್ಕಿಯೂ ಕಾಣುತ್ತದೆ. ಡೆವಲಪರ್ ಕಲಸಲು ಮತ್ತು ಕೊನೆಯ ಜಾಲಾಟಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ತನ್ನಿ. ಬ್ಯಾಟರಿ ಆಸಿಡ್ ಅಲ್ಲ, ಲೇಬಲ್ ನೋಡಿಯೇ ತೆಗೆದುಕೊಳ್ಳಿ. ನಡುವಿನ ತೊಳೆತಕ್ಕೆ ಮನೆ ನೀರು ಸಾಕು.

ಡೆವಲಪರ್ ಆದ ಮೇಲೆ ಚಿತ್ರ ಸ್ಥಿರವಾಗಿಸಲು ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೋಟಕ್ಕೋ ಇಂಗುಗುಂಡಿಗೋ ಸುರಿಯಬೇಡಿ. ಕ್ಯಾನಿನಲ್ಲಿ ಕೂಡಿಸಿಡಿ, ಕಲರ್ ರೋಲ್ ಕೊಡಲು ಹೋದಾಗ ಲ್ಯಾಬಿನವರು ತೆಗೆದುಕೊಳ್ಳುತ್ತಾರಾ ಕೇಳಿ. ಸದ್ಯಕ್ಕೆ ಲಿವರ್ ಎಳೆದಾಗ 'ಟಕ್' ಬರುತ್ತದಾ ಅನ್ನುವುದನ್ನು ಮೊದಲು ನೋಡಿ ಇಲ್ಲಿ ಬರೆಯಿರಿ. ಅದು ಗೊತ್ತಾಗುವ ತನಕ ಫಿಲ್ಮಿಗೆ ದುಡ್ಡು ಹಾಕಬೇಡಿ.