ಕೀಪರ್ ಟೆಸ್ಟ್ ನಿಜವೇ ರೀ

ವಿಜಯಪುರದಿಂದ ಮುಂಬೈನ ನೆಟ್‌ಫ್ಲಿಕ್ಸ್‌ಗೆ ಅರ್ಜಿ ಹಾಕಲಾ, ಅಲ್ಲಿ 'ಕೀಪರ್ ಟೆಸ್ಟ್' ಅಂತ ಮಾಡಿ ಕೆಲಸದಿಂದ ತೆಗೆಯುತ್ತಾರಂತೆ ನಿಜವಾ ಅಂತ ಕೇಳಿದ್ದೀರಿ. ನಿಜ ರೀ. ಕಂಪನಿಯಲ್ಲಿ ಕೆಲಸದ ರೀತಿ ಹೇಗೆ ಅಂತ 2009ರಲ್ಲಿ ಅವರೇ ಬಹಿರಂಗ ಮಾಡಿದ ಸ್ಲೈಡುಗಳಲ್ಲೇ ಅದು ಇದೆ. ಈ ಮನುಷ್ಯ ಬಿಟ್ಟು ಹೊರಟರೆ ಉಳಿಸಿಕೊಳ್ಳಲು ಒದ್ದಾಡುತ್ತೇನಾ ಅಂತ ಮ್ಯಾನೇಜರ್ ತನ್ನನ್ನೇ ಕೇಳಿಕೊಳ್ಳಬೇಕು. ಇಲ್ಲ ಅಂದರೆ ಕೈತುಂಬ ಪರಿಹಾರ ಕೊಟ್ಟು ಕಳಿಸುವುದು.

ನಾನು ಅಲ್ಲಿರಲಿಲ್ಲ. ಬೆಳಗಾವಿಯ ಮನೆಯಿಂದಲೇ ಬೇರೊಂದು ಸ್ಟ್ರೀಮಿಂಗ್ ಕಂಪನಿಗೆ ಎರಡು ವರ್ಷ ಕನ್ನಡ ಸಬ್‌ಟೈಟಲ್ ಬರೆದೆ. ಎಷ್ಟೇ ಉದ್ದದ ಮಾತಾದರೂ ಎರಡೇ ಸಾಲಲ್ಲಿ ಕೂರಿಸಬೇಕು. ನಾನು 'ಹೋಗ್ಯಾನ್ರಿ' ಅಂತ ಬರೆದರೆ 'ಹೋಗಿದ್ದಾನೆ' ಮಾಡಿ ವಾಪಸ್ ಕಳಿಸುತ್ತಿದ್ದರು! ಶುಕ್ರವಾರ ಬಿಡುಗಡೆ ಇದ್ದರೆ ಗುರುವಾರ ನಿದ್ದೆ ಇಲ್ಲ. ದುಡ್ಡು ಮಾತ್ರ ಮೂರು ತಿಂಗಳಾದ ಮೇಲೆ. ನಿಮಗೆ ಆಫರ್ ಬಂದರೆ ಪರ್ಮನೆಂಟಾ, ಕಾಂಟ್ರಾಕ್ಟಾ ಅಂತ ಮೊದಲು ಕೇಳಿಬಿಡಿ.