ಮದುವೆ ಜವಳಿಗೆ ಉಡುಪಿ ಕಡೆ: ಮೊದಲು ಸೀರೆ, ಆಮೇಲೆ ಸಮುದ್ರ

ತಂಗಿ ಮದುವೆ ಜವಳಿಗೆ ಶಿವಮೊಗ್ಗದಿಂದ ಉಡುಪಿ, ಮಂಗಳೂರು ಕಡೆ ಹೋಗಿ, ಹಾಗೇ ಎರಡು ಮೂರು ದಿನ ಸಮುದ್ರ ನೋಡಿಕೊಂಡು, ಚೆನ್ನಾಗಿ ಊಟ ಮಾಡಿಕೊಂಡು ಬರಬಹುದಾ, ಅಥವಾ ಎರಡೂ ಅರ್ಧಂಬರ್ಧ ಆಗುತ್ತಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಹೋಗಿ ಬನ್ನಿ. ನಾವು ತೀರ್ಥಹಳ್ಳಿಯವರು. ಹೋದ ವರ್ಷ ನನ್ನ ತಂಗಿ ಮದುವೆಗೆ ಹೀಗೇ ಮಾಡಿದೆವು. ಅಡಿಕೆ ಕೊಯ್ಲು ಮುಗಿದು, ಮಂಡಿಯಿಂದ ದುಡ್ಡು ಕೈಗೆ ಬಂದದ್ದು ಫೆಬ್ರವರಿಯಲ್ಲಿ. ಅಪ್ಪ, ಅಮ್ಮ, ತಂಗಿ, ನಾನು, ಕಾರು ಓಡಿಸಲು ನಮ್ಮನೆಯವರು, ಒಟ್ಟು ಐದೇ ಜನ. ಚಿಕ್ಕಮ್ಮಂದಿರು ನಾವೂ ಬರ್ತೀವಿ ಅಂದಿದ್ದರು. ಅಮ್ಮ ಒಳ್ಳೆ ಮಾತಲ್ಲೇ ಬೇಡ ಅಂದರು. ನೀವೂ ಐದಾರು ಜನಕ್ಕಿಂತ ಜಾಸ್ತಿ ಹೋಗಬೇಡಿ. ಹತ್ತು ಜನ ಕೂತರೆ ಒಂದು ಸೀರೆಗೆ ಹತ್ತು ಅಭಿಪ್ರಾಯ ಬರುತ್ತೆ, ಮದುಮಗಳು ಕೊನೆಗೆ ಯಾರದೋ ಇಷ್ಟದ್ದು ಉಡಬೇಕಾಗುತ್ತೆ.

ನಾನು ಹೇಳೋದು ಮುಖ್ಯವಾಗಿ ಒಂದೇ. ಮೊದಲ ದಿನ ಜವಳಿ ಮುಗಿಸಿ. ಸಮುದ್ರ ಆಮೇಲೆ. ತಿರುಗಾಮುರುಗಾ ಮಾಡಿಕೊಂಡವರನ್ನು ನೋಡಿದ್ದೇನೆ. ಎರಡು ದಿನ ಬಿಸಿಲಲ್ಲಿ, ಉಪ್ಪು ನೀರಲ್ಲಿ ಆಡಿ ಬಂದವರಿಗೆ ಮೂರನೇ ದಿನ ಅಂಗಡಿಯಲ್ಲಿ ಕೂರಲು ಜೀವ ಇರುವುದಿಲ್ಲ. ಯಾವುದೋ ಒಂದು ತೆಗೆದು ಎದ್ದುಬಿಡುತ್ತಾರೆ. ಮೊದಲ ದಿನವೇ ಕೂತರೆ ಕಣ್ಣು ಚುರುಕಾಗಿರುತ್ತೆ. ಮನಸ್ಸಿಗೆ ಬಂದದ್ದು ಸಿಗದಿದ್ದರೆ ಮಾರನೇ ದಿನ ಇನ್ನೊಂದು ಅಂಗಡಿ ನೋಡಲು ಪುರುಸೊತ್ತೂ ಇರುತ್ತೆ.

ದಾರಿ ವಿಷಯ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ ಮೇಲೆ ಉಡುಪಿಗೆ ಸುಮಾರು 150 ಕಿಲೋಮೀಟರ್. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವು. ದೊಡ್ಡ ಬಸ್ಸು, ಲಾರಿ ಆ ತಿರುವುಗಳಲ್ಲಿ ಇಳಿಯುವುದಿಲ್ಲ, ಮಿನಿ ಬಸ್ಸುಗಳು ಓಡುತ್ತವೆ. ವಾಂತಿ ಆಗುವವರಿದ್ದರೆ ಖಾಲಿ ಹೊಟ್ಟೆಯಲ್ಲೂ ಬೇಡ, ತುಂಬಿದ ಹೊಟ್ಟೆಯಲ್ಲೂ ಬೇಡ. ಒಂದು ನಿಂಬೆಹಣ್ಣು ಕೈಯಲ್ಲಿರಲಿ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದುಂಟು, ಹೊರಡುವ ಮುಂಚೆ ವಿಚಾರಿಸಿ. ನಾವು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಹೆಬ್ರಿಯಲ್ಲಿ ಕಾಫಿ ಕುಡಿದು, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಉಡುಪಿಯಲ್ಲಿದ್ದೆವು. ರೂಮು ಊರೊಳಗೇ ಮಾಡಿ. ಮಲ್ಪೆ ಉಡುಪಿಯಿಂದ ಐದಾರು ಕಿಲೋಮೀಟರ್ ಅಷ್ಟೆ. ಜವಳಿ ಗಂಟು ಇಟ್ಟುಕೊಂಡು ಬೀಚ್ ಪಕ್ಕ ಉಳಿಯುವ ಅಗತ್ಯ ಇಲ್ಲ.

ಹೊರಡುವ ಮುಂಚೆ ಒಂದು ಪಟ್ಟಿ ಬರೆದುಕೊಳ್ಳಿ. ಧಾರೆ ಸೀರೆ ಯಾರ ಕಡೆಯಿಂದ, ರಿಸೆಪ್ಷನ್‌ದು ಯಾರದು, ವರನ ಪಂಚೆ, ಶಲ್ಯ, ಪೇಟ ಯಾರು ತೆಗೆಯಬೇಕು ಅನ್ನೋದು ಮನೆ ಮನೆಗೂ ಬೇರೆ. ಬೀಗರ ಜೊತೆ ಮೊದಲೇ ಮಾತಾಡಿಕೊಳ್ಳಿ. ಉಡುಗೊರೆ ಸೀರೆ ಎಷ್ಟು, ಯಾರ್ಯಾರಿಗೆ ಅಂತ ಹೆಸರು ಸಮೇತ ಬರೆಯಿರಿ. ನಮ್ಮ ಪಟ್ಟಿಯಲ್ಲಿ ಇಪ್ಪತ್ಮೂರು ಹೆಸರಿತ್ತು.

ಧಾರೆ ಸೀರೆಗೆ ನಾವು ಕೂತದ್ದು ಮೂರು ಗಂಟೆ. ಬಿಳಿ ಹಾಸಿಗೆ ಮೇಲೆ ಅಂಗಡಿ ಹುಡುಗ ಒಂದಾದ ಮೇಲೊಂದು ಬಿಚ್ಚುತ್ತಿದ್ದ. ಅಮ್ಮ ಮಾತೇ ಆಡಲಿಲ್ಲ. ಪ್ರತಿ ಸೀರೆಯ ಸೆರಗನ್ನು ಮಗುಚಿ ಹಿಂಭಾಗ ನೋಡುತ್ತಿದ್ದರು. ಹಿಂದೆ ಜರಿ ಎಳೆ ಉದ್ದುದ್ದ ತೇಲುತ್ತಿದ್ದರೆ ಬಳೆಗೆ, ಕಾಲುಂಗುರಕ್ಕೆ ಸಿಕ್ಕಿ ಕಿತ್ತು ಬರುತ್ತೆ ಅಂತ ಅವರ ಲೆಕ್ಕ. ಆಮೇಲೆ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡುವುದು. ಕೊನೆಗೆ ಎರಡು ಉಳಿದವು. ಒಂದು ಕುಂಕುಮದ ಬಣ್ಣ, ಹಸಿರು ಅಂಚು. ಇನ್ನೊಂದು ಮಾವಿನ ಹಣ್ಣಿನ ಬಣ್ಣ. ತಂಗಿಗೆ ಎರಡನೆಯದು ಬಹಳ ಹಿಡಿಸಿತ್ತು. ಅಮ್ಮ ಎರಡನ್ನೂ ಎತ್ತಿಕೊಂಡು ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದರು. ಲೈಟಿನಡಿ ಹೊಳೆಯುತ್ತಿದ್ದ ಮಾವಿನ ಬಣ್ಣ ಹೊರಗಡೆ ಮಂಕಾಗಿ, ಒಣಗಿದ ಹುಲ್ಲಿನ ಹಾಗೆ ಕಂಡಿತು. ಕುಂಕುಮದ್ದು ಬಿಸಿಲಲ್ಲಿ ಇನ್ನೂ ಚೆಂದ ಆಯಿತು. ತಂಗಿ ತಾನಾಗೇ ಕೈ ಬದಲಾಯಿಸಿದಳು. ನಮ್ಮ ಕಡೆ ಮದುವೆ ಮನೆ ಚಪ್ಪರದಡಿ, ಹಗಲಲ್ಲೇ ಧಾರೆ ಅಲ್ವಾ? ಹಾಗಾಗಿ ಹಗಲು ಬೆಳಕಲ್ಲಿ ನೋಡದೆ ದುಡ್ಡು ಕೊಡಬೇಡಿ. ಸೀರೆ ತೆಗೆದುಕೊಂಡು ಬಾಗಿಲಿಗೆ ಬರಲು ನಾಚಿಕೆ ಬೇಡ, ಯಾರೂ ಬೇಡ ಅನ್ನುವುದಿಲ್ಲ.

ರೇಷ್ಮೆ ಅಂತ ಹೇಳಿದ್ದಕ್ಕೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಅನುಮಾನ ಬಂದರೆ ಅಂಚಿನ ತುದಿಯಿಂದ ಒಂದೆಳೆ ಕೇಳಿ ತೆಗೆದು ಸುಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತೆ.

ಒಂದು ಕೆಲಸ ಮಾತ್ರ ಅಲ್ಲಿ ಮಾಡಿಸಬೇಡಿ. ಹೊಲಿಗೆ. ರಿಸೆಪ್ಷನ್ ಲೆಹೆಂಗಾ ಸೊಂಟದಲ್ಲಿ ಸ್ವಲ್ಪ ಸಡಿಲ ಇತ್ತು. ಎರಡು ದಿನದಲ್ಲಿ ಸರಿ ಮಾಡಿ ಕೊಡ್ತೀವಿ ಅಂದರು, ಬಿಟ್ಟು ಬಂದೆವು. ಎರಡು ದಿನ ಅಂದದ್ದು ಹನ್ನೆರಡು ದಿನ ಆಯಿತು. ಅದಕ್ಕೊಂದಕ್ಕೇ ನಮ್ಮನೆಯವರು ಮತ್ತೆ ಘಾಟಿ ಇಳಿದು ಹತ್ತಬೇಕಾಯಿತು. ತಂಗಿ ಆ ದಿನಗಳಲ್ಲಿ ನಿದ್ದೆ ಮಾಡಿದ್ದು ನಾನು ನೋಡಲಿಲ್ಲ. ಫಾಲ್, ಕುಚ್ಚು, ಬ್ಲೌಸ್ ಎಲ್ಲಾ ನಿಮ್ಮೂರ ಟೈಲರ್ ಹತ್ತಿರವೇ ಕೊಡಿ. ಏನಾದರೂ ಹೆಚ್ಚುಕಮ್ಮಿ ಆದರೆ ಸಂಜೆ ಹೋಗಿ ಕೇಳಬಹುದು.

ಈಗ ನಾನು ತುಂಬ ಇಷ್ಟದಿಂದ ಹೇಳುವ ಮಾತು. ಉಡುಗೊರೆಗೆ ಉಡುಪಿ ಸೀರೆ ತೆಗೆದುಕೊಳ್ಳಿ. ಉಡುಪಿಯಲ್ಲಿ ಮಾರುವ ಸೀರೆ ಅಂತ ಅಲ್ಲ, ಉಡುಪಿ ಸೀರೆ ಅಂತಲೇ ಹೆಸರಿರುವ ಕೈಮಗ್ಗದ ಹತ್ತಿ ಸೀರೆ. 2016ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಕಡೆಯದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಉಡುಪಿಯಿಂದ ಮಂಗಳೂರಿಗೆ ಹೋಗುವಾಗ ಮೂಲ್ಕಿಯಲ್ಲಿ ಒಳಗೆ ತಿರುಗಿದರೆ ಕಿನ್ನಿಗೋಳಿ. ಅದರ ಹತ್ತಿರದ ತಾಳಿಪಾಡಿಯಲ್ಲಿ ನೇಕಾರರ ಸಂಘ ಇದೆ, ಅಲ್ಲೇ ನೇಯುತ್ತಾರೆ. ವಯಸ್ಸಾದ ಒಬ್ಬರು ಮಗ್ಗದಲ್ಲಿ ಕೂತಿದ್ದರು. ಕಾಲು ಕೆಳಗೆ ತುಳಿಯುವುದು, ಕೈ ಹಗ್ಗ ಎಳೆಯುವುದು, ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವುದು. ಬಣ್ಣದ ಒಡಲು, ಬೇರೆ ಬಣ್ಣದ ಅಂಚು, ಒಡಲ ಮೇಲೆ ಸಣ್ಣ ಬುಟ್ಟ. ಮುಟ್ಟಿದರೆ ಗಂಜಿ ಹಾಕಿದ ಗರಿಗರಿ, ಎತ್ತಿದರೆ ಭಾರವೇ ಇಲ್ಲ. ಅಮ್ಮ ಅವರ ಪಕ್ಕ ನಿಂತು, ಒಂದು ಸೀರೆಗೆ ಎಷ್ಟು ದಿನ ಅಂತ ಕೇಳಿದರು. ಅವರು ಮಗ್ಗ ನಿಲ್ಲಿಸದೆ ಎರಡು ಬೆರಳು ತೋರಿಸಿದರು. ಈ ಕೆಲಸ ಮಾಡುವವರು ಈಗ ಬಹಳ ಕಡಿಮೆ, ಇರುವವರಲ್ಲೂ ಹೆಚ್ಚಿನವರಿಗೆ ವಯಸ್ಸಾಗಿದೆ. ಉಡುಗೊರೆ ಅಂತ ಕೊಟ್ಟು ಯಾರೂ ಉಡದೆ ಕಪಾಟಿನಲ್ಲಿಡುವ ಸಿಂಥೆಟಿಕ್ ಸೀರೆಗಿಂತ ಇದು ಎಷ್ಟೋ ಮೇಲು. ನಾವು ಒಂದು ರೇಷ್ಮೆ ಸೀರೆಯ ದುಡ್ಡಲ್ಲಿ ಆರು ತಂದೆವು. ಚಿಕ್ಕಮ್ಮಂದಿರು ಇವತ್ತಿಗೂ ಅದನ್ನೇ ಉಟ್ಟು ಪೇಟೆಗೆ ಬರುತ್ತಾರೆ.

ಊಟಕ್ಕೆ ಉಡುಪಿಯಲ್ಲಿ ಏನೂ ಕೊರತೆ ಇಲ್ಲ. ಬೆಳಿಗ್ಗೆ ಬನ್ಸ್, ಗೋಳಿಬಜೆ, ಹಲಸಿನ ಎಲೆ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಜವಳಿ ದಿನ ಮಧ್ಯಾಹ್ನ ಮಾತ್ರ ಹಗುರಾಗಿ ತಿಂದು ಕೈ ಚೆನ್ನಾಗಿ ತೊಳೆಯಿರಿ, ಎಣ್ಣೆ ಕೈಯಲ್ಲಿ ರೇಷ್ಮೆ ಮುಟ್ಟುವ ಹಾಗಿಲ್ಲ. ಮಾರನೇ ದಿನ ಮೀನು. ಅಂಜಲ್ ತವಾ ಫ್ರೈ, ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ, ಜೊತೆಗೆ ನೀರುದೋಸೆ. ಮಲೆನಾಡಿಗೆ ಐಸಿನಲ್ಲಿ ಬರುವ ಮೀನು ತಿಂದ ನಾಲಿಗೆಗೆ ಅದು ಬೇರೆಯೇ ರುಚಿ. ರಾತ್ರಿ ಗಡ್‌ಬಡ್ ಐಸ್‌ಕ್ರೀಂ ಬಿಡಬೇಡಿ. ಒಣಮೀನು ಕೊಂಡರೆ ಜವಳಿ ಇರುವ ಡಿಕ್ಕಿಯಲ್ಲಿ ಇಡಬೇಡಿ, ರೇಷ್ಮೆ ವಾಸನೆ ಹಿಡಿದುಕೊಳ್ಳುತ್ತೆ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ಬೋಟು. ಮಳೆಗಾಲದಲ್ಲಿ ಬೋಟು ಬಿಡುವುದಿಲ್ಲ. ಲಾವಾ ತಣ್ಣಗಾಗಿ ಬಿರಿದು ಆದ ಕಂಬದಂಥ ಕಲ್ಲುಗಳು ಅಲ್ಲಿವೆ, ಯಾರೋ ಕುಳಿತು ಆರು ಮೂಲೆ ಕೆತ್ತಿಟ್ಟ ಹಾಗೆ. ನೆರಳು ಕಡಿಮೆ, ಬೆಳಿಗ್ಗೆಯೇ ಹೋಗಿ. ಸಂಜೆಗೆ ಕಾಪು ಬೀಚ್. 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆ ಮೇಲೆ ನಿಂತಿದೆ. ಅಪ್ಪ ಅಲ್ಲಿ ಪಂಚೆ ಮೇಲೆ ಕಟ್ಟಿಕೊಂಡು ಮೊಣಕಾಲವರೆಗೆ ನೀರಿಗಿಳಿದರು. ತಂಗಿಯ ಕೈ ಹಿಡಿದುಕೊಂಡಿದ್ದರು. ಅಲೆ ಬಂದಾಗ ಅವಳು ಕಿರುಚುವುದು, ಅಪ್ಪ ನಗುವುದು. ಇಪ್ಪತ್ತಾರು ವರ್ಷದ ಮಗಳ ಕೈ ಅವರು ಹಾಗೆ ಹಿಡಿದದ್ದು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅಮ್ಮ ಮರಳಲ್ಲಿ ಸುಮ್ನೆ ಕೂತಿದ್ದರು. ಮದುವೆ ಗೊತ್ತಾದಾಗಿನಿಂದ ಅವರು ಕೆಲಸ ಇಲ್ಲದೆ ಕೂತದ್ದು ಅದೇ ಮೊದಲು. ಈ ಒಂದು ಸಂಜೆಗಾಗಿಯಾದರೂ ಹೋಗಿ ಅಂತ ನಾನು ಹೇಳ್ತಿರೋದು.

ಕೃಷ್ಣಮಠವನ್ನು ಕೊನೆ ದಿನಕ್ಕಿಟ್ಟುಕೊಂಡೆವು, ಮಠಕ್ಕೆ ಹೋಗುವ ದಿನ ಅಮ್ಮ ಮೀನು ಮುಟ್ಟುವುದಿಲ್ಲ. ಕನಕನ ಕಿಂಡಿ ನೋಡಿ, ಒಂಬತ್ತು ತೂತಿನ ಕಿಟಕಿಯಲ್ಲಿ ಕೃಷ್ಣನ ದರ್ಶನ ಮಾಡಿ, ಲಗ್ನಪತ್ರಿಕೆ ಇಟ್ಟು ಕೈ ಮುಗಿದೆವು. ಮಧ್ಯಾಹ್ನ ಅಲ್ಲೇ ಊಟ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ ಬರುತ್ತೆ, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ ಅದು, ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ.

ವಾಪಸ್ ಬರುವ ಮುಂಚೆ ಹೂವಿನವರ ಫೋನ್ ನಂಬರ್ ಬರೆದುಕೊಳ್ಳಿ. ಶಂಕರಪುರದ ಕಡೆ ಬೆಳೆಯುವ ಉಡುಪಿ ಮಲ್ಲಿಗೆಗೆ ಮದುವೆ ಕಾಲದಲ್ಲಿ ಬೆಲೆ ಏರುತ್ತೆ, ಮೊದಲೇ ಹೇಳಿಡಬೇಕು. ಅಲ್ಲಿ ಲೆಕ್ಕ ಅಟ್ಟೆಯಲ್ಲಿ, ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನಾವು ಆರು ಅಟ್ಟೆ ಹೇಳಿದ್ದೆವು. ಮದುವೆಯ ಹಿಂದಿನ ಸಂಜೆ ಆಗುಂಬೆ ಬಸ್ಸಲ್ಲಿ ಬಾಳೆ ಎಲೆಯ ಕಟ್ಟು ಬಂತು. ತಂಗಿ ಬಿಚ್ಚಿ ನೋಡಿದಾಗ ಮೊಗ್ಗು ಇನ್ನೂ ಅರಳಿರಲಿಲ್ಲ.