ಮುಚ್ಚಿಟ್ಟ ಗಾಯ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಜೋಂಬಿಗಳ, ಅಂದರೆ ಸತ್ತು ಮೇಲೆದ್ದು ಬದುಕಿರುವವರನ್ನು ಕಚ್ಚಿ ತಮ್ಮಂತೆಯೇ ಮಾಡುವ ಶವಗಳ, ಕಥೆಗಳ ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ಬದುಕುಳಿದವರು ಕರುಣೆ ತೋರಿದಾಗಲೆಲ್ಲ ಯಾರಾದರೂ ಸಾಯುತ್ತಾರೆ, ಆದ್ದರಿಂದ ಕಚ್ಚಿಸಿಕೊಂಡವರನ್ನು ಆ ಕ್ಷಣವೇ ಕೊಲ್ಲುವ, ಹೊರಗಿನವರಿಗೆ ಬಾಗಿಲು ತೆರೆಯದ ಬಿಗಿ ನಾಯಕನೇ ಸರಿ ಎಂಬುದು ತಮ್ಮ ವಾದ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಹ್ಯಾರಿ ಕೂಪರ್‌ನನ್ನು ತಾವು ಇದಕ್ಕೆ ನಿದರ್ಶನವಾಗಿ ಕೊಟ್ಟಿದ್ದೀರಿ. ಎಲ್ಲರೂ ನೆಲಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡಿರೋಣ ಎಂದು ಅವನು ಹಟ ಹಿಡಿದದ್ದೂ, ಅವನೊಂದಿಗೆ ಅದೇ ಮನೆಯಲ್ಲಿ ಸಿಕ್ಕಿಬಿದ್ದಿದ್ದ, ಅದನ್ನು ಒಪ್ಪದ ಕಥಾನಾಯಕ ಬೆನ್ ಕೊನೆಗೆ ಅದೇ ನೆಲಮಾಳಿಗೆಯಲ್ಲಿ ಅಡಗಿ ರಾತ್ರಿ ಕಳೆದದ್ದೂ ನಿಜ. ನಮ್ಮ ಲೇಖನದಲ್ಲಿ ಇದು ಬಿಟ್ಟುಹೋಗಿತ್ತು. ತಾವು ಎತ್ತಿ ತೋರಿಸಿದ್ದು ಒಳ್ಳೆಯದಾಯಿತು.

ಆದರೆ ಆ ನೆಲಮಾಳಿಗೆಯಲ್ಲಿ ಯಾರಿದ್ದರೆಂಬುದನ್ನು ಮತ್ತೊಮ್ಮೆ ನೋಡಬೇಕೆಂದು ಕೋರುತ್ತೇವೆ. ಕೂಪರ್ ದಂಪತಿಯ ಮಗಳು ಕ್ಯಾರೆನ್, ಕಚ್ಚಿಸಿಕೊಂಡು ಅಲ್ಲಿಯೇ ಮಲಗಿದ್ದಳು. ಬಳಿಗೆ ಬಂದ ತಾಯಿಯನ್ನು ಕೊಂದದ್ದೂ ಅವಳೇ. ಹೊರಗಿನ ಅಪಾಯಕ್ಕೆಂದು ಹಾಕುವ ಅಗುಳಿ ಒಳಗಿನ ಅಪಾಯವನ್ನೂ ನಮ್ಮ ಜೊತೆಗೇ ಕೂಡಿಹಾಕುತ್ತದೆ. ಇನ್ನು ಬೆಳಗಾದ ಮೇಲೆ, ರಾತ್ರಿಯೆಲ್ಲ ಸೆಣಸಿ ಉಳಿದ ಬೆನ್‌ನನ್ನು ಶೆರೀಫ್‌ನ ಬಂದೂಕುಧಾರಿಗಳು ಕಿಟಕಿಯಲ್ಲಿ ಕಂಡೊಡನೆ ಶವವೆಂದು ಬಗೆದು ಹೊಡೆದುರುಳಿಸಿದರು. ಯಾರು ಅಲ್ಲಿ ಎಂದು ಒಬ್ಬರೂ ಕೂಗಿ ಕೇಳಲಿಲ್ಲ.

ನಮ್ಮ ಮುಖ್ಯ ತಕರಾರು ಗಾಯವನ್ನು ಮುಚ್ಚಿಡುವವರ ವಿಷಯದಲ್ಲಿದೆ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ಬೆವರು ಒರೆಸಿಕೊಳ್ಳುತ್ತಾ, ಏನೂ ಆಗಿಲ್ಲವೆಂಬಂತೆ ಎಲ್ಲರ ನಡುವೆ ಕೂರುವ ಮನುಷ್ಯನನ್ನು ಈ ಕಥೆಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ, ಸ್ವಾರ್ಥಿಯೆಂದು ಬೈಯುತ್ತೇವೆ. ಹೇಳಿದೊಡನೆ ತಲೆಗೆ ಗುಂಡು ಎಂಬ ನಿಯಮವಿದ್ದ ಮೇಲೆ ಅವನಾದರೂ ಯಾಕೆ ಬಾಯಿ ಬಿಟ್ಟಾನು? ಕಚ್ಚಿದ ಹೊತ್ತಿಗೂ ಅವನು ಸತ್ತು ಮೇಲೇಳುವ ಹೊತ್ತಿಗೂ ನಡುವಿನ ಗಂಟೆಗಳಲ್ಲಿ ವಿಷಯ ಗೊತ್ತಾದರೆ ಅವನನ್ನು ಬೇರೆ ಕೋಣೆಯಲ್ಲಿರಿಸಬಹುದು, ಕೈಕಾಲು ಕಟ್ಟಬಹುದು, ಒಬ್ಬರು ಕಾವಲು ಕೂರಬಹುದು. ನಿಯಮ ಕ್ರೂರವಾದಷ್ಟೂ ಆ ಗಂಟೆಗಳು ಗುಂಪಿನ ಕೈತಪ್ಪುತ್ತವೆ. ಸೋಂಕು ಕ್ಷಣಗಳಲ್ಲೇ ಏರುವ ಕಥೆಗಳಿಗೆ ಈ ಮಾತು ಅನ್ವಯಿಸದು. 2002ರ ‘28 ಡೇಸ್ ಲೇಟರ್’ನಲ್ಲಿ ಸೆಲೀನಾ ತನ್ನ ಜೊತೆಗಾರನನ್ನು ತಡಮಾಡದೆ ಕೊಲ್ಲುವುದನ್ನು ನಾವೂ ತಪ್ಪೆನ್ನಲಾರೆವು. ಆದರೆ ಅದೇ ಚಿತ್ರದಲ್ಲಿ, ರಕ್ಷಣೆಯ ಭರವಸೆ ಕೊಟ್ಟು ಕರೆಸಿಕೊಂಡ ಸೈನಿಕರ ಬೀಡೇ ಆಕೆಗೆ ಎಲ್ಲಕ್ಕಿಂತ ಅಪಾಯದ ಜಾಗವಾಯಿತು.

ಬಾಗಿಲು ತೆರೆಯದವರ ವಿಷಯಕ್ಕೆ 2016ರ ಕೊರಿಯನ್ ಚಿತ್ರ ‘ಟ್ರೇನ್ ಟು ಬುಸಾನ್’ ಸಾಕು. ಜೀವ ಉಳಿಸಿಕೊಂಡು ಬಂದವರಿಗೆ ಸೋಂಕು ತಗುಲಿದೆಯೆಂದು ಒಬ್ಬ ಹೇಳಿದ್ದನ್ನು ನಂಬಿ ಬೋಗಿಯವರೆಲ್ಲ ಅವರನ್ನು ಆಚೆಗಟ್ಟುತ್ತಾರೆ. ಅವರಲ್ಲಿ ಒಬ್ಬರ ಮೈಯನ್ನೂ ಯಾರೂ ಪರೀಕ್ಷಿಸುವುದಿಲ್ಲ. ಅದನ್ನು ಕಂಡು ಮನಸ್ಸು ಮುರಿದ ವೃದ್ಧೆಯೊಬ್ಬಳು ಶವಗಳಿಗೆ ಬಾಗಿಲು ತೆರೆಯುತ್ತಾಳೆ.

ಆಪತ್ತಿನಲ್ಲಿ ಜನ ಮೃಗಗಳಾಗುತ್ತಾರೆಂದು ತಾವು ಬರೆದಿದ್ದೀರಿ. 1963ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಪತ್ತು ಸಂಶೋಧನಾ ಕೇಂದ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲಿ ದಶಕಗಳ ಅಧ್ಯಯನದಲ್ಲಿ ಕಂಡದ್ದು ಬೇರೆ: ದಿಕ್ಕೆಟ್ಟು ಓಡುವುದು ವಿರಳ, ಪಕ್ಕದವರಿಗೆ ಕೈ ನೀಡುವುದೇ ಹೆಚ್ಚು. ಹಾಗಾದರೆ ನಿಯಮವೇ ಬೇಡವೇ ಎಂದು ಕೇಳಿದ್ದೀರಿ. ಖಂಡಿತ ಬೇಕು. ಸಂಜೆ ಬಾಗಿಲು ಹಾಕುವ ಮುನ್ನ ಪ್ರತಿಯೊಬ್ಬರೂ ತೋಳು ಮಡಚಿ ತೋರಿಸಲಿ, ಮೊದಲು ತೋರಿಸುವವನು ನಾಯಕನೇ ಆಗಿರಲಿ. ಗಾಯ ಕಂಡರೆ ಏನು ಮಾಡಬೇಕೆಂಬುದನ್ನು ಯಾರಿಗೂ ಗಾಯವಾಗದಿದ್ದಾಗಲೇ ಎಲ್ಲರೂ ಕೂತು ತೀರ್ಮಾನಿಸಿರಲಿ. ಕೂಪರ್ ಹೇಳಿದಂತೆ ನೆಲಮಾಳಿಗೆಗೇ ಹೋಗುವುದಾದರೂ, ಇಳಿಯುವ ಮುನ್ನ ಕ್ಯಾರೆನ್‌ಳ ಗಾಯದ ಮಾತು ಮುಗಿದಿರಬೇಕು.

— ಸಂಪಾದಕ